ಮೇಲ್ಗಡೆ ಕೆಲಸ ನಡೀತಾ ಇದೆ

ಮಧ್ಯಾಹ್ನ ಹನ್ನೆರಡೂವರೆಯ ಮೀಟಿಂಗಿನಲ್ಲಿ ನಾನು ಮಾತಾಡಬೇಕಾದದ್ದು ಕಡಿಮೆ. ನನ್ನ ತಂಡದ ಹನ್ನೊಂದು ಜನ ಒಬ್ಬೊಬ್ಬರಾಗಿ ತಮ್ಮ ಪಾಲಿನ ವಿಮೆಯ ಕಾಗದಗಳು ಎಷ್ಟು ಮುಗಿದವು, ಎಲ್ಲಿ ನಿಂತವು ಎಂದು ಹೇಳುತ್ತಾರೆ. ನಾನು ಕೇಳಿಸಿಕೊಂಡು ಕೊನೆಗೆ ನಾಲ್ಕು ಮಾತು ಆಡಬೇಕು. ಹಾಗಾಗಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಲ್ಯಾಪ್‌ಟಾಪನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬೇಳೆ ಡಬ್ಬಿಗಳ ಪಕ್ಕಕ್ಕಿಟ್ಟು, ಆ ಹೊತ್ತಿನಲ್ಲೇ ಜೋಳದ ರೊಟ್ಟಿ ಬಡಿಯುವುದು ನನ್ನ ರೂಢಿಯಾಗಿತ್ತು. ಒಂದು ದಿನ ಮೈಕು ಆರಿಸುವುದನ್ನು ಮರೆತೆ.

"ಸಾರ್, ಅದೇನ್ ಸಾರ್ ಸದ್ದು? ಧಬ್ ಧಬ್ ಅಂತಿದೆ," ಎಂದ ತಂಡದಲ್ಲಿ ನನ್ನ ನಂತರದ ಸ್ಥಾನದಲ್ಲಿದ್ದವನು.

ಹಿಟ್ಟು ಮೆತ್ತಿದ ಕೈ ಎತ್ತಿ ಹಿಡಿದುಕೊಂಡು, "ಮೇಲ್ಗಡೆ ಕೆಲಸ ನಡೀತಾ ಇದೆ ಕಣಪ್ಪಾ. ಓನರ್ ಇನ್ನೊಂದು ಫ್ಲೋರ್ ಏರಿಸ್ತಾ ಇದಾರೆ," ಎಂದೆ.

ಬಸವೇಶ್ವರನಗರದ ನಮ್ಮ ಮನೆಯ ಮೇಲ್ಗಡೆ ಇರುವುದು ನೀರಿನ ಟ್ಯಾಂಕು ಮತ್ತು ಬಟ್ಟೆ ಒಣಹಾಕುವ ಹಗ್ಗ. ಆದರೂ ಆ ಇಲ್ಲದ ಮಹಡಿಯ ಕಟ್ಟಡ ಸುಮಾರು ನಾಲ್ಕು ವರ್ಷ ನಡೆಯಿತು. ಕುಕ್ಕರ್ ಕೂಗಿದರೆ ಅದು ಪಕ್ಕದ ಮನೆಯದು. ಒಗ್ಗರಣೆ ಚಟಪಟ ಎಂದರೆ ನೆಟ್‌ವರ್ಕ್ ಸರಿಯಿಲ್ಲ. "ಏನ್ ಸಾರ್, ನಿಮ್ಮ ಓನರ್ ವಿಧಾನಸೌಧ ಕಟ್ಟಿಸ್ತಾ ಇದಾರಾ? ಇನ್ನೂ ಮುಗೀಲಿಲ್ವಾ?" ಎಂದು ಅವನೇ ಆಗಾಗ ಕಿಚಾಯಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ರೊಟ್ಟಿ ನನ್ನ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ. ಗದಗಿನ ಕಡೆಯವರು. ಅವರಿಗೆ ನನ್ನ ಹೆಂಡತಿ ಒಬ್ಬಳೇ ಮಗಳು. ಕಣ್ಣಿನ ನರ ಸೋತು, ಮುಂದೆ ನಿಂತವರು ಬರೀ ನೆರಳಿನಂತೆ ಕಾಣತೊಡಗಿದ ಮೇಲೆ ನಮ್ಮಲ್ಲಿಗೆ ಬಂದರು. ಆಫೀಸುಗಳೆಲ್ಲ ಮನೆಯೊಳಗೆ ಬಂದು ಕೂತ ಕಾಲ ಅದು. ಹೆಂಡತಿ ಕುರುಬರಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಶಾಲೆಗಳು ತೆರೆದ ಕೂಡಲೇ ಅವಳು ಹೋದಳು, ನಾನು ಮನೆಯಲ್ಲೇ ಉಳಿದೆ. ಅತ್ತೆಯವರಿಗೆ ಮೂರು ಬಗೆಯ ಕಣ್ಣಿನ ಹನಿ, ಒಂದೊಂದರ ನಡುವೆ ಐದು ನಿಮಿಷದ ಅಂತರ. ಮಧ್ಯಾಹ್ನ ಊಟಕ್ಕೆ ಮುಂಚೆ ಇನ್ಸುಲಿನ್. ಬೆಳಿಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ನೀರೂ ಮುಟ್ಟರು. ಅನ್ನ ಅವರಿಗೆ ಊಟವೇ ಅಲ್ಲ.

ಮೊದಮೊದಲು ಅಳಿಯ ಅಡುಗೆಮನೆಗೆ ಕಾಲಿಟ್ಟರೆ ಅವರಿಗೆ ಸಂಕೋಚ. "ಅಯ್ಯ, ನೀವ್ಯಾಕ್ರಿ ಅಳಿಯಂದಿರ, ನನಗ ಪಾಪ ಸುತ್ಕೊಳ್ತೈತಿ," ಎನ್ನುತ್ತಿದ್ದರು. ನನ್ನ ಮೊದಲ ರೊಟ್ಟಿಯನ್ನು ಮುಟ್ಟಿ ನೋಡಿದ ಮೇಲೆ ಸಂಕೋಚ ಹೋಗಿ ಸಿಟ್ಟು ಬಂತು. "ಇದೇನ್ರಿ, ಹೆಂಚು ಮಾಡೀರೇನು, ಮನಿಗೆ ಹೊದಿಸ್ಲಿಕ್ಕೆ?" ಅಂದಿನಿಂದ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಣ್ಣಿಲ್ಲದಿದ್ದರೇನು, ಬಡಿಯುವ ಸದ್ದಿನಲ್ಲೇ ಎಲ್ಲ ಗೊತ್ತಾಗುತ್ತಿತ್ತು. "ನೀರು ಕಮ್ಮಿ ಆಗೇತಿ, ಸಪ್ಪಳ ಒಣಾ ಬರಾಕತ್ತೇತಿ ನೋಡ್ರಿ." "ಅಂಚು ಒಡೀತು. ಮತ್ತ ನಾದ್ರಿ." ಆರು ತಿಂಗಳಲ್ಲಿ ರೊಟ್ಟಿ ಉಬ್ಬತೊಡಗಿತು.

ಇದನ್ನು ಆಫೀಸಿನವರ ಮುಂದೆ ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ ಕಾರಣ ಒಂದಲ್ಲ, ಎರಡು. ಮನೆಯಲ್ಲಿ ಕೂತವರು ಕೆಲಸ ಮಾಡುವುದಿಲ್ಲ ಎಂಬ ಅನುಮಾನ ಆಗಲೇ ಮೇಲಿನವರಿಗಿತ್ತು. ಅದು ಅರ್ಧ ಕಾರಣ. ಉಳಿದರ್ಧ ನಾಚಿಕೆ. ಐವತ್ತು ದಾಟಿದ ಗಂಡಸು, ಹನ್ನೊಂದು ಜನರ ಮೇಲಿನವನು, ಕೈತುಂಬ ಜೋಳದ ಹಿಟ್ಟು. ಬೇಡ, ಮೇಲ್ಗಡೆ ಕೆಲಸ ನಡೆಯಲಿ ಎಂದುಕೊಂಡೆ.

ಕಳೆದ ಜೂನಿನಲ್ಲಿ ಹೆಂಡತಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ನಿವೃತ್ತರಾದರು. ಆ ಜಾಗಕ್ಕೆ ಇವಳನ್ನು ಆಡಳಿತ ಮಂಡಳಿಯವರು ಹಿಂದೆಯೂ ಎರಡು ಸಲ ಕೇಳಿದ್ದರು. ಒಮ್ಮೆ ಮಗಳ ಹತ್ತನೇ ತರಗತಿ ಎಂದು, ಇನ್ನೊಮ್ಮೆ ನನ್ನ ರಾತ್ರಿ ಪಾಳಿ ಎಂದು ಇವಳು ಬೇಡವೆಂದಿದ್ದಳು. ಮೂರನೆಯ ಸಲ ಒಪ್ಪಿಕೊಂಡಳು. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ, ನಾನು ಮನೆಯಲ್ಲಿದ್ದೇನೆ, ಇನ್ನೇನು ಎಂದು. ಸೇರಿದ ವಾರವೇ ಗಂಡುಮಕ್ಕಳ ಶೌಚಾಲಯಕ್ಕೆ ಇಲ್ಲದಿದ್ದ ಬಾಗಿಲು ಕೂರಿಸಿದಳು. ಎಷ್ಟು ವರ್ಷದಿಂದ ಅದು ಅವಳ ಕಣ್ಣು ಚುಚ್ಚುತ್ತಿತ್ತೋ.

ಆಗಸ್ಟಿನಲ್ಲಿ ನನ್ನ ಕಂಪನಿಯಿಂದ ಮೇಲ್ ಬಂತು. ಮುಂದಿನ ತಿಂಗಳಿಂದ ವಾರಕ್ಕೆ ಮೂರು ದಿನ ಎಲ್ಲರೂ ಆಫೀಸಿಗೆ ಬರಬೇಕು, ಎದುರುಬದುರು ಕೂತರೆ ಕೆಲಸಕ್ಕೆ ಕಳೆ ಬರುತ್ತದೆ ಎಂದು. ಹೊಸ ಗುರುತಿನ ಚೀಟಿ ತರಲು ಒಂದು ಬುಧವಾರ ಹೋಗಿಬಂದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಊರಿನ ಆ ತುದಿಯಲ್ಲಿ ಇಳಿದು, ಮತ್ತೆ ಬಸ್ಸು ಹಿಡಿದು ಆಫೀಸು ಮುಟ್ಟುವಾಗ ಎರಡು ಗಂಟೆ ಕಳೆದಿತ್ತು. ಅಲ್ಲಿ ನನ್ನ ಎದುರು ಯಾರೂ ಇರಲಿಲ್ಲ. ನನ್ನ ಹನ್ನೊಂದು ಜನರಲ್ಲಿ ನಾಲ್ವರು ಹುಬ್ಬಳ್ಳಿಯಲ್ಲಿ, ಐವರು ಪುಣೆಯಲ್ಲಿ, ಇಬ್ಬರು ಕೊಯಮತ್ತೂರಿನಲ್ಲಿ. ಅಷ್ಟು ದೂರ ಹೋಗಿ ಮತ್ತೆ ಅದೇ ಹೆಡ್‌ಫೋನ್ ಹಾಕಿಕೊಂಡು ಅದೇ ಪರದೆಯಲ್ಲಿ ಅವರನ್ನು ನೋಡಿದೆ. ಸುತ್ತ ಕೂತ ಅಪರಿಚಿತರೆಲ್ಲ ಹಾಗೇ ಬೇರೆ ಯಾವುದೋ ಊರಿನೊಂದಿಗೆ ಮಾತಾಡುತ್ತಿದ್ದರು.

ಮನೆಗೆ ಬಂದಾಗ ಎಂಟಾಗಿತ್ತು. ರೊಟ್ಟಿ ಮಾಡಿಟ್ಟು ಹೋಗಿದ್ದೆ, ಹನಿಯ ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದೆ. ಹೆಂಡತಿ ಮಧ್ಯಾಹ್ನ ಓಡಿ ಬರುತ್ತೇನೆ ಎಂದಿದ್ದಳು. ಶಾಲೆಗೆ ಇನ್‌ಸ್ಪೆಕ್ಷನ್ ಬಂದು, ಅವಳು ಮನೆ ಮುಟ್ಟುವಾಗ ಎರಡೂವರೆಯಾಗಿತ್ತು. ಅಷ್ಟರಲ್ಲಿ ಅತ್ತೆ ತಾವೇ ತಡಕಾಡಿ ಒಂದೇ ಬಾಟಲಿಯನ್ನು ಮೂರು ಸಲ ಹಾಕಿಕೊಂಡಿದ್ದರು, ಇನ್ಸುಲಿನ್ ಇಲ್ಲದೆ ಉಂಡಿದ್ದರು. ಕಣ್ಣು ಕೆಂಡವಾಗಿತ್ತು. "ಏನಾಗಿಲ್ರಿ, ಸ್ವಲ್ಪ ಉರೀತೈತಿ ಅಷ್ಟ," ಎಂದು ಗೋಡೆ ಕಡೆ ತಿರುಗಿಕೊಂಡರು.

ಔಷಧಿ ಅಂಗಡಿಗೆ ಹೋಗಿ ಬಂದ ಹೆಂಡತಿ ಚಪ್ಪಲಿಯನ್ನೂ ಬಿಚ್ಚದೆ ಬಾಗಿಲ ಬಳಿ ನಿಂತಿದ್ದಳು. "ಆಫೀಸಿಗೆ ಹೋಗೋದ್ರಿಂದ ನಿಮಗೆ ವಿನಾಯಿತಿ ಸಿಗದೆ ಇದ್ರೆ ನಾನು ಹೆಡ್‌ಮಿಸ್ಟ್ರೆಸ್ ಚಾರ್ಜ್ ವಾಪಸ್ ಕೊಟ್ಬಿಡ್ತೀನಿ," ಎಂದಳು.

ವಿನಾಯಿತಿಗೆ ಅರ್ಜಿ ಹಾಕಿದೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಮುಖ್ಯ ವ್ಯಕ್ತಿ ನೀವೇನಾ ಎಂಬ ಪ್ರಶ್ನೆಗೆ ಹೌದು ಎಂದು ಬರೆದೆ. ಎರಡು ದಿನದ ಮೇಲೆ ನನ್ನ ಮ್ಯಾನೇಜರ್ ಫೋನ್ ಮಾಡಿದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಒಳ್ಳೆಯ ಹೆಣ್ಣುಮಗಳು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಮೇಲಿನವರು ನನ್ನ ಕೇಳ್ತಾರೆ. ನಾಲ್ಕು ವರ್ಷದಲ್ಲಿ ನೀವು ಒಂದ್ ಸಲಾನೂ ಅತ್ತೆ ವಿಷಯ ಹೇಳಿಲ್ವಲ್ಲ. ಒಂದು ದಿನ ರಜಾ ಇಲ್ಲ, ಒಂದು ಮೀಟಿಂಗ್ ಬಿಟ್ಟಿಲ್ಲ. ನಿಮ್ಮನೇಲಿ ಅಡುಗೆಯವರು ಇದಾರೆ ಅಂದ್ಕೊಂಡಿದ್ದೆ ನಾನು."

"ಇಲ್ಲಮ್ಮ, ನಾನೇ ಮಾಡೋದು."

"ಮತ್ತೆ ಆ ಕುಕ್ಕರ್ ಸದ್ದು ಪಕ್ಕದ ಮನೇದು ಅಂತಿದ್ರಿ?"

"ನಮ್ಮನೇದೇ."

"ಆ ಕಟ್ಟಡ?"

"ರೊಟ್ಟಿ ಬಡೀತಿದ್ದೆ."

ಆ ಕಡೆ ನಗು ಬಂದಂತಾಗಿ ನಿಂತುಹೋಯಿತು. "ಇದನ್ನ ನಾನು ಎಲ್ಲಿ ಅಂತ ಬರೀಲಿ ಸಾರ್?" ಎಂದರು. ಆಮೇಲೆ ಮೆಲ್ಲಗೆ, "ನಾನೂ ಎರಡು ಮಕ್ಕಳನ್ನ ಬಿಟ್ಟು ಬರ್ತಾ ಇದೀನಿ. ನಂಗೂ ವಿನಾಯಿತಿ ಕೊಟ್ಟಿಲ್ಲ," ಎಂದರು. ಕೊನೆಗೆ ಒಂದು ದಾರಿ ಹೇಳಿದರು: ತಂಡದ ಮುಂದಾಳುಗಳಿಗೆ ವಿನಾಯಿತಿ ಇಲ್ಲವೇ ಇಲ್ಲ. ಆದರೆ ಮುಂದಾಳತನ ಬಿಟ್ಟು, ಅದೇ ತಂಡದಲ್ಲಿ ಬರೀ ಕಾಗದ ನೋಡುವ ಕೆಲಸಕ್ಕೆ ಇಳಿದರೆ ಮನೆಯಿಂದ ಮಾಡುವವರ ಪಟ್ಟಿಗೆ ಸೇರಿಸಬಹುದು. ಸೋಮವಾರದೊಳಗೆ ಹೇಳಬೇಕು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳ ಮುಖ ಕೆಂಪಾದದ್ದು ಕೆಲಸದಿಂದ ಇಳಿಯುವ ಮಾತಿಗಲ್ಲ.

"ಮೇಲ್ಗಡೆ ಕೆಲಸ ನಡೀತಾ ಇದೆ ಅಂದ್ರಾ? ನಾಲ್ಕು ವರ್ಷ?"

"ಸುಮ್ನೆ ತಮಾಷೆಗೆ..."

"ನಾನು ಸ್ಟಾಫ್ ರೂಮಲ್ಲಿ ನಿಮ್ಮ ರೊಟ್ಟಿ ಡಬ್ಬಿ ಬಿಚ್ಚಿ, 'ನಮ್ಮೆಜಮಾನ್ರು ಮಾಡಿದ್ದು' ಅಂತ ಎಲ್ರಿಗೂ ಕೊಟ್ಟು ತಿಂತಿದ್ದೆ ಕಣ್ರೀ. ಇಲ್ಲಿ ನೋಡಿದ್ರೆ ನಮ್ಮಮ್ಮನ ಊಟ ನಿಮಗೆ ಹೇಳ್ಕೊಳ್ಳಕ್ಕಾಗದ ವಿಷಯ."

ಒಳಕೋಣೆಯಿಂದ ಅತ್ತೆ, "ಏನಂತವ್ವ ಅದು?" ಎಂದು ಕೂಗಿದರು. "ಏನಿಲ್ಲವ್ವ, ಮಲ್ಕೋ," ಎಂದಳು ಇವಳು.

ಶನಿವಾರ, ಭಾನುವಾರ ಎರಡು ದಿನ ಮನೆಗೆಲಸದಲ್ಲೇ ಕಳೆದೆ. ನಾನು ಬಟಾಣಿ ಸುಲಿದೆ, ಫ್ರಿಜ್ ಒರೆಸಿದೆ, ಡಬ್ಬಿಗಳ ಮುಚ್ಚಳ ಹೊಂದಿಸಿದೆ. ಕೈ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಅವಳ ಕಡೆಗಿತ್ತು. ಅವಳು ಬಂದು "ಬೇಡ ಬಿಡಿ, ಇಷ್ಟು ವರ್ಷ ದುಡಿದು ಸಂಪಾದಿಸಿದ ಜಾಗ, ನಾನೇ ಬಿಡ್ತೀನಿ," ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಕಾಯುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಹಿಂದಿನ ಎರಡು ಸಲವೂ ನಾನು ಕೇಳುವ ಮೊದಲೇ ಅವಳು ಹಾಗೆ ಹೇಳಿದ್ದಳಲ್ಲ.

ಭಾನುವಾರ ಸಂಜೆ ಮಂಚದ ಮೇಲೆ ಒಣಗಿದ ಬಟ್ಟೆ ಗುಡ್ಡೆ ಹಾಕಿಕೊಂಡು ಮಡಿಸುತ್ತಿದ್ದಳು. ನಾನು ಮೂರನೆಯ ಸಲ ಸುಮ್ಮನೆ ಕೋಣೆಗೆ ಹೋಗಿ ಕಿಟಕಿಯ ಪರದೆ ಸರಿಮಾಡಿದೆ. ಅವಳು ತಲೆ ಎತ್ತಲಿಲ್ಲ.

"ನಾನು ಬೇಡ ಅಂತ ಹೇಳ್ಲಿ ಅಂತ ಕಾಯ್ತಾ ಇದೀರಾ?"

"ಹಾಗೇನಿಲ್ಲ."

"ನಿಮಗೆ ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನಾಳೇನೇ ಶಾಲೆ ಸೆಕ್ರೆಟರಿಗೆ ಕಾಗದ ಕೊಡ್ತೀನಿ, ಜಗಳ ಮಾಡಲ್ಲ. ಆದ್ರೆ ಬೇಡ ಅಂತ ನಾನಾಗೇ ಈ ಸಲ ಹೇಳಲ್ಲ."

ದಿಂಬಿನ ಕವರನ್ನು ನಾಲ್ಕು ಮಡಿಕೆ ಮಾಡಿ ಒತ್ತಿ ಇಟ್ಟಳು.

ಸೋಮವಾರ ಬೆಳಿಗ್ಗೆ, ಅತ್ತೆಯವರ ಎರಡನೆಯ ಹನಿಗೂ ಮೂರನೆಯ ಹನಿಗೂ ನಡುವಿನ ಐದು ನಿಮಿಷದಲ್ಲಿ ಮ್ಯಾನೇಜರಿಗೆ ಬರೆದೆ: ಮುಂದಾಳತನ ಬಿಡುತ್ತೇನೆ. ಇದನ್ನು ತ್ಯಾಗ ಎಂದು ಯಾರೂ ಹೊಗಳಬೇಕಾಗಿಲ್ಲ. ಮನಸ್ಸಿನಿಂದ ಬಿಟ್ಟೆ ಎಂದರೆ ಅದು ಇನ್ನೊಂದು ಸುಳ್ಳಾದೀತು. ದಣಿವಿತ್ತು, ಆ ಎರಡು ಗಂಟೆಯ ದಾರಿಯ ಭಯವಿತ್ತು. ಕೆಂಪಾದ ಕಣ್ಣು ನೆನಪಿತ್ತು. ಅವಳ ಎರಡು ಸಲದ ಲೆಕ್ಕವೂ ಇತ್ತು.

ನನ್ನ ಜಾಗಕ್ಕೆ, ವಿಧಾನಸೌಧದ ತಮಾಷೆ ಮಾಡುತ್ತಿದ್ದವನೇ ಬಂದ. ಈ ಕಡೆಯವನೇ, ಕೆಲಸಕ್ಕೆಂದು ಹುಬ್ಬಳ್ಳಿ ಸೇರಿದವನು; ಅಲ್ಲಿ ಅವನ ಮನೆಯಿಂದ ಆಫೀಸಿಗೆ ಹತ್ತೇ ನಿಮಿಷ. ಮೊದಲ ದಿನ ತುಂಬ ಮುಜುಗರಪಟ್ಟು, "ಸಾರ್, ಇನ್ಮೇಲೆ ಮೀಟಿಂಗ್ ಒಂದು ಗಂಟೆಗೆ ಇಡೋಣ ಅಂತ..." ಎಂದ.

"ಒಂದಕ್ಕೆ ಆಗಲ್ಲಪ್ಪ. ಅತ್ತೆಗೆ ಇಂಜೆಕ್ಷನ್ ಕೊಟ್ಟು ಊಟಕ್ಕೆ ಹಾಕ್ಬೇಕು."

"ಸರಿ ಸಾರ್, ಎರಡಕ್ಕೆ," ಎಂದ ಅವನು. ಅಷ್ಟೇ. ನಾಲ್ಕು ವರ್ಷ ಇಷ್ಟಕ್ಕೆ ಹೆದರಿದ್ದೆ.

ಈಗ ಕೆಲಸ ಕಡಿಮೆಯಾಗಿದೆ ಎಂದು ಹೇಳಲಾರೆ. ದಿನಕ್ಕೆ ನೋಡಬೇಕಾದ ಕಾಗದಗಳು ಹೆಚ್ಚಿವೆ, ಕುತ್ತಿಗೆ ನೋಯುತ್ತದೆ. ಮೊದಲೆಲ್ಲ ಸಲಹೆ ಕೇಳಿ ಫೋನ್ ಮಾಡುತ್ತಿದ್ದವರು ಮಾಡುವುದಿಲ್ಲ. ಅದು ಇಷ್ಟು ನಾಟುತ್ತದೆ ಎಂದುಕೊಂಡಿರಲಿಲ್ಲ.

ಮೊನ್ನೆ ಹೆಂಡತಿ ಏಳೂವರೆಗೆ ಬಂದಳು. ತಟ್ಟೆ ಹಾಕಿದೆ. ತುತ್ತು ಮುರಿಯುತ್ತಾ ಅವಳೇ ಮಾತು ತೆಗೆದಳು.

"ಇವತ್ತು ನಮ್ಮ ಹಿಂದಿ ಮೇಷ್ಟ್ರು ಬಂದಿದ್ರು. ದಿನಾ ಮೂರು ಗಂಟೆಗೆ ಬಿಡಿ ಮೇಡಂ, ಕೊನೇ ಪೀರಿಯಡ್ ಬೇಕಾದ್ರೆ ಮನೆಯಿಂದ ಫೋನಲ್ಲೇ ಮಾಡ್ತೀನಿ ಅಂದ್ರು."

"ಏನಂದೆ?"

"ಆಗಲ್ಲ ಅಂದೆ. ಮಕ್ಕಳು ಕ್ಲಾಸಲ್ಲಿ ಕೂತು, ಮೇಷ್ಟ್ರು ಮನೇಲಿ ಕೂತ್ರೆ ಶಾಲೆ ನಡೆಯುತ್ತಾ? ಒಬ್ಬರಿಗೆ ಬಿಟ್ರೆ ಹತ್ತು ಜನ ಕೇಳ್ತಾರೆ ಅಂದೆ."

ಅದು ಸರಿಯೇ. ಪಲ್ಯ ಬಡಿಸಿದೆ.

"ಅವರ ಮನೇಲಿ ಯಾರಿದಾರಂತೆ?" ಎಂದೆ.

ಅವಳು ನನ್ನ ಮುಖ ನೋಡಿದಳು. "ಕೇಳ್ಲಿಲ್ಲ," ಎಂದಳು. ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಎದ್ದು ಕೈ ತೊಳೆದುಕೊಂಡು ಚೀಲದಿಂದ ಫೋನ್ ತೆಗೆದು ಹಿಂದಿ ಮೇಷ್ಟ್ರ ನಂಬರ್ ಹುಡುಕಿದಳು.