ಹಣಕಾಸು ಮಂತ್ರಿ ಕಾದು ಕೂತ ಬೆಂಚು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕತ್ತರಿ ಹಿಡಿದವನು ನಾನು. ತಿಲಕ್ ನಗರದ ಈ ಕ್ಷೌರದ ಅಂಗಡಿ ನನ್ನ ಸ್ವಂತ ದುಡಿಮೆಯದು. ಅಪ್ಪನಿಗೆ ಅಂಗಡಿ ಇರಲಿಲ್ಲ; ಕರೆದವರ ಮನೆಗೆ ಹೋಗಿ, ಹಿತ್ತಿಲಲ್ಲಿ ಕೂತು ಕೆಲಸ ಮಾಡಿ ಬರುತ್ತಿದ್ದರು. ನಾನು ಯಾರ ಮನೆಗೂ ಹೋಗುವುದಿಲ್ಲ ಎಂದು ಅಂಗಡಿ ತೆರೆದ ದಿನವೇ ನಿರ್ಧರಿಸಿದ್ದೆ.

ನಮ್ಮ ಏರಿಯಾದ ಒಬ್ಬರು ಕಾರ್ಪೊರೇಟರ್ ಆಗುವ ಮೊದಲಿನಿಂದಲೂ ನನ್ನಲ್ಲಿಗೇ ಬರುತ್ತಿದ್ದರು. ಎಮ್ಮೆಲ್ಲೆ ಆದಾಗಲೂ ಬಂದರು. ಹಣಕಾಸು ಮಂತ್ರಿಯಾದ ಮೇಲೆ ಮಾತ್ರ ಸುಳಿವಿರಲಿಲ್ಲ. ಅವರ ಮೊದಲ ಬಜೆಟ್ಟಿನ ಹಿಂದಿನ ದಿನ ಪಿಎ ಫೋನ್ ಮಾಡಿದ.

"ಸಾಹೇಬ್ರಿಗೆ ಕಟಿಂಗ್ ಆಗ್ಬೇಕು, ಬಂಗ್ಲೆಗೆ ಬಾ. ಕಾರ್ ಕಳಿಸ್ತೀನಿ."

"ಅಂಗಡೀಲಿ ಜನ ಕಾಯ್ತಾವ್ರೆ ಸಾರ್. ಸಾಹೇಬ್ರೇ ಬರ್ಲಿ."

"ಯಾರ್ ಬಗ್ಗೆ ಮಾತಾಡ್ತಿದೀಯ, ಗೊತ್ತಾ?" ಎಂದು ಫೋನ್ ಇಟ್ಟುಬಿಟ್ಟ.

ಅಷ್ಟು ವರ್ಷದ ಗಿರಾಕಿಯನ್ನು ಕಳೆದುಕೊಂಡೆ ಎಂದುಕೊಂಡೆ. ಕೈ ಕೆಲಸ ಮಾಡುತ್ತಿದ್ದರೂ ಕಣ್ಣು ರಸ್ತೆಯ ಕಡೆಗೇ ಹೋಗುತ್ತಿತ್ತು. ಸಂಜೆ ಸರ್ಕಾರಿ ಕಾರು ಬಂದು ನಿಂತಿತು. ಅವರು ಒಳಗೆ ಬರುತ್ತಿದ್ದಂತೆ ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು.

"ಕೂತ್ಕೊಳ್ರಪ್ಪ, ಇಲ್ಲಿ ಇವ್ನದೇ ಸರ್ಕಾರ" ಎಂದು ಅವರೂ ಬೆಂಚಿನ ತುದಿಯಲ್ಲಿ ಕೂತರು.

ಪಕ್ಕದಲ್ಲಿದ್ದ ತರಕಾರಿ ಅಂಗಡಿಯವನು, "ಸಾರ್, ನಾಳೆ ಎಣ್ಣೆ ರೇಟ್ ಮಾತ್ರ ಏರಿಸ್ಬೇಡಿ" ಎಂದ.

"ನಿನ್ ಹೆಂಡ್ತಿ ಏರಿಸಿ ಅಂತಾಳಲ್ಲೋ!" ಎಂದರು ಮಂತ್ರಿ. ಅಂಗಡಿಯೆಲ್ಲ ನಕ್ಕಿತು. ಅವರು ಸರದಿ ಬರುವವರೆಗೂ ಏಳಲಿಲ್ಲ.

ಈಗ ಅವರು ರಾಜಕೀಯ ಬಿಟ್ಟಿದ್ದಾರೆ. ತಿಂಗಳಿಗೊಮ್ಮೆ ಆಟೋದಲ್ಲಿ ಬರುತ್ತಾರೆ. ಹೊಸ ಗಿರಾಕಿಗಳಿಗೆ ಅವರ ಗುರುತು ಹತ್ತುವುದಿಲ್ಲ. ನನಗೆ ಮಾತ್ರ ಅವರ ಹೆಗಲಿಗೆ ಬಟ್ಟೆ ಹೊದಿಸುವಾಗಲೆಲ್ಲ ಆ ಸಂಜೆಯ ನಗು ಕೇಳಿಸುತ್ತದೆ.