ಖಾರವಿಲ್ಲದ ಕಾಳುಮೆಣಸು

ಹೂಸ್ಟನ್ನಿನ ಪಕ್ಕದ ನಮ್ಮ ಮಿಸೌರಿ ಸಿಟಿಯ ಅಂಗಡಿಗಳಲ್ಲಿ ಸಿಗುವ ಕಾಳುಮೆಣಸಿಗೆ ಖಾರವಿಲ್ಲವೆಂಬುದು ನನ್ನ ಬಹುಕಾಲದ ಅಭಿಮತ. ನಾನು ಗೌರವದಿಂದ ಅಭಿಮತವೆನ್ನುವುದನ್ನು ಕುಮಟೆಯ ಕಡೆಯವಳಾದ ನನ್ನ ಹೆಂಡತಿ ಸುಧಾ ಗೊಣಗಾಟ ಎನ್ನುತ್ತಾಳೆ. ಅವಳು ಸಾರು ಬಡಿಸಿ, ನಾನು ಮೊದಲ ತುತ್ತು ಬಾಯಿಗಿಟ್ಟು, "ಈ ನಿಸ್ಸತ್ವ ಕಾಳಿಗಾಗಿ ಒಂದು ಕಾಲದಲ್ಲಿ ಜನ ಸಮುದ್ರ ಹಾಯ್ದು ಸತ್ತರು ನೋಡು" ಎಂದು ಆರಂಭಿಸಿದೆನೆಂದರೆ ಸಾರು ಆರಿ ತಣ್ಣಗಾಗುವವರೆಗೂ ನಿಲ್ಲಿಸುವವನಲ್ಲ.

ಹಳೆಯ ಕಾಲದ ಸಾಂಬಾರ ಪದಾರ್ಥಗಳ ವ್ಯಾಪಾರ ನನ್ನ ಗೀಳು. ಈಜು ಬಾರದ, ಗ್ಯಾಲ್ವೆಸ್ಟನ್ನಿನ ಕಡಲಿನಲ್ಲಿ ಮೊಣಕಾಲಿನಾಚೆ ಎಂದೂ ನೀರಿಗಿಳಿಯದ ನಾನು, ಆ ನೌಕಾಯಾನದ ಸಂಕಷ್ಟಗಳ ಕುರಿತು ಇಲ್ಲಿನ ಕನ್ನಡಿಗರ ನಡುವೆ ಒಬ್ಬ ಪ್ರಮಾಣಭೂತ ವಿದ್ವಾಂಸನೆನಿಸಿಕೊಂಡಿದ್ದೇನೆ; ನನಗಿಂತ ಹೆಚ್ಚು ತಿಳಿದವರು ಸಿಗದ ಊರಿನಲ್ಲಿ ವಿದ್ವತ್ತು ಸುಲಭ. ಗಾಳಿ ತಿರುಗಲೆಂದು ಪರದೇಶದ ರೇವಿನಲ್ಲಿ ತಿಂಗಳುಗಟ್ಟಲೆ ಕಾಯುತ್ತಿದ್ದ ಹಡಗುಗಳು, ಹುಳ ಹಿಡಿದ ರೊಟ್ಟಿ, ಕೊಳೆತ ನೀರು, ಒಸಡು ಊದಿ ಹಲ್ಲು ಉದುರಿದ ನಾವಿಕರು, ಸತ್ತವನನ್ನು ಹಾಯಿಬಟ್ಟೆಯಲ್ಲಿ ಸುತ್ತಿ ಕಡಲಿಗೆ ಬಿಡುವ ಕ್ರಮ, ಇವೆಲ್ಲಕ್ಕೂ ನನ್ನ ಬಳಿ ಸ್ಲೈಡುಗಳಿವೆ. ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ ಊಟಗಳಲ್ಲಿ, ಜನ ಹೋಳಿಗೆಗೆ ತುಪ್ಪ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ನಾನು ಒಸಡಿನ ಸ್ಲೈಡಿಗೆ ಬಂದಿರುತ್ತೇನೆ. ಕ್ರೌರ್ಯ ಹಳೆಯದಾದಷ್ಟೂ ರುಚಿಕರವಾಗುತ್ತದೆಂಬುದನ್ನು, ಓದುಗ ಮಿತ್ರರೇ, ನೀವೂ ಬಲ್ಲಿರಿ.

ಹೀಗಿರಲು ಸುಧಾಳ ತಮ್ಮ ಮಂಜು ಕೆಲಸ ಮಾಡುವ ಸರಕು ಹಡಗು ಹೂಸ್ಟನ್ನಿಗೆ ಬರುತ್ತದೆಂಬ ಸುದ್ದಿ ಬಂತು. ಟೆಕ್ಸಸ್ಸಿನ ಕನ್ನಡಿಗರಾದ ನಮಗೆ ಒಂದು ಚಟವಿದೆ. ನಮ್ಮವರು ಯಾರೇ ಈ ರಾಜ್ಯಕ್ಕೆ ಕಾಲಿಟ್ಟರೂ, ಬರಲು ಸಾಧ್ಯವೇ ಎಂದು ಅವರನ್ನು ಕೇಳುವ ಮೊದಲೇ ಊಟ ನಿಶ್ಚಯವಾಗಿರುತ್ತದೆ. ಫೋನಿನಲ್ಲಿ ಮಂಜು ಏನೋ ಹೇಳಹೊರಟಿದ್ದ. ಅಲೆಯ ನಡುವೆ ಕರೆ ಕಡಿದುಹೋಯಿತು. ನಾನು ಮಾತ್ರ ಗ್ರೂಪಿನಲ್ಲಿ ಸಾರಿಬಿಟ್ಟೆ: ಶನಿವಾರ ನಮ್ಮಲ್ಲಿ ಪಾಟ್‌ಲಕ್, ಜೊತೆಗೆ ನನ್ನ ಉಪನ್ಯಾಸ, ಕೊನೆಗೆ ಸಾಕ್ಷಾತ್ ನಾವಿಕನ ದರ್ಶನ. ಡಲ್ಲಾಸಿನಾಚೆಯ ಮರ್ಫಿಯಿಂದ ಶೈಲಕ್ಕ ಮತ್ತು ಅವರ ಯಜಮಾನರು ಜೋಳದ ರೊಟ್ಟಿ, ಎಣ್ಣೆಗಾಯಿ ಹೊತ್ತು ಬಂದರು. ಆಸ್ಟಿನ್ನಿನ ಪಕ್ಕದ ರೌಂಡ್ ರಾಕ್‌ನಿಂದ ಬಂದ ಎರಡು ಸಂಸಾರಗಳು ಬಿಸಿಬೇಳೆ ಭಾತನ್ನೂ, ಕಳೆದ ಸಲ ನಮ್ಮಿಂದ ಒಯ್ದ ಸ್ಟೀಲ್ ಡಬ್ಬಿಯನ್ನೂ ತಂದವು. ಡಬ್ಬಿಯನ್ನು ಖಾಲಿಯಾಗಿ ಹಿಂತಿರುಗಿಸಬಾರದೆಂಬ ಅಮ್ಮಂದಿರ ಕಟ್ಟಳೆಯನ್ನು ನಾವಿಲ್ಲಿ ಹೆದ್ದಾರಿಯುದ್ದಕ್ಕೂ ಪಾಲಿಸುತ್ತೇವೆ. ಸಕ್ಕರೆ, ನಿಂಬೆಹಣ್ಣು, ಏನೂ ಸಿಗದಿದ್ದರೆ ಪೆಟ್ರೋಲ್ ಬಂಕಿನ ಚಾಕೊಲೇಟಾದರೂ ಅದರಲ್ಲಿರುತ್ತದೆ.

ಪ್ರೊಜೆಕ್ಟರ್ ಹಚ್ಚಿ ಮೊದಲ ಸ್ಲೈಡು ಹಾಕಿದ್ದೆ. ಆಗ ಮಂಜುವಿನ ಫೋನ್ ಬಂತು. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ಭಾವ, ನಾನು ಬರೋಕಾಗಲ್ಲ. ನಮ್ಮ ಹಡಗಿನವರು ಯಾರಿಗೂ ನೆಲಕ್ಕೆ ಇಳಿಯೋ ಪರ್ಮಿಟ್ ಸಿಕ್ಕಿಲ್ಲ. ನಮ್ಮದು ಹೋಗಲಿ ಬಿಡಿ. ಗಣಪಣ್ಣನ್ನ ಇಲ್ಲಾದರೂ ಇಳಿಸಿಕೊಂಡರೆ ಸಾಕು."

ಗಣಪಣ್ಣ ಹಡಗಿನ ಅಡುಗೆಯವನು, ಅಂಕೋಲೆಯವನು. ನಡುಗಡಲಿನಲ್ಲಿ ಜ್ವರ ಬಂದು ಸತ್ತುಹೋಗಿದ್ದ. ದಾರಿಯಲ್ಲಿ ಸಿಕ್ಕ ಎರಡು ಬಂದರುಗಳೂ ಹೆಣವನ್ನು ಇಳಿಸಿಕೊಳ್ಳಲು ಒಪ್ಪಿರಲಿಲ್ಲ. ಕಡಲಿಗೆ ಬಿಡಲು ಹಡಗಿನವರಿಗೆ ಮನಸ್ಸಾಗಲಿಲ್ಲ. ಊರಿನಲ್ಲಿ ಅವನ ಹೆಂಡತಿ, ಕೊನೆಗೊಮ್ಮೆ ಮುಖ ತೋರಿಸಿ ಎಂದು ಬೇಡಿಕೊಂಡಿದ್ದಳು. ಹಾಗಾಗಿ ಅವನನ್ನು ಅವನದೇ ಅಡುಗೆಮನೆಯ ಶೀತಲಕೋಣೆಯಲ್ಲಿ, ತರಕಾರಿ ಸರಿಸಿ ಜಾಗ ಮಾಡಿ, ಮಲಗಿಸಿದ್ದರು. ಅಂದಿನಿಂದ ಆ ಕೋಣೆಯ ಪದಾರ್ಥವನ್ನು ಯಾರೂ ಮುಟ್ಟಿಲ್ಲ, ಬಿಸ್ಕತ್ತು, ಡಬ್ಬಿಯ ಮೀನು, ಟೀ ಅಷ್ಟೇ ನಡೆದಿದೆ ಎಂದು ಮಂಜು ಯಾವ ಏರಿಳಿತವೂ ಇಲ್ಲದ ದನಿಯಲ್ಲಿ ಹೇಳಿದ. ಗೋಡೆಯ ಮೇಲೆ ಬಣ್ಣ ಬಣ್ಣದ ಹಾಯಿಹಡಗು ಹೊಳೆಯುತ್ತಲೇ ಇತ್ತು. ನನಗೆ ಅಸಹ್ಯವಾಯಿತು, ನನ್ನ ಮೇಲೆ. ಎದ್ದು ಪ್ರೊಜೆಕ್ಟರ್ ಆರಿಸಿದೆ.

ಮೊದಲು ಮಾತಾಡಿದವರು ಶೈಲಕ್ಕ. "ಏನ್ ನೋಡ್ಕೋತ ಕುಂತೀರಿ? ಎಲ್ಲಾ ಡಬ್ಬಿಗೆ ತುಂಬ್ರಿ. ಅವ್ರಿಗೆ ಬರೂದು ಆಗಂಗಿಲ್ಲಂದ್ರ ಊಟರ ಹೋಗ್ಲಿ."

ಮೇಜಿನ ಮೇಲಿನದೆಲ್ಲ, ಒಬ್ಬರೂ ಒಂದು ತುತ್ತು ಉಣ್ಣದೆ, ಡಬ್ಬಿ ಸೇರಿತು. ಸುಧಾ ಸಾರನ್ನು ಮತ್ತೆ ಕುದಿಸಿ, ಊರಿನಿಂದ ತಂದ ದೊಡ್ಡ ಸ್ಟೀಲ್ ಡಬ್ಬಿಗೆ ಹುಯ್ದಳು. ಕಾರುಗಳ ಸಾಲು ಬಂದರಿನ ಗೇಟಿನವರೆಗೆ ಹೋಯಿತು. ಅದರಾಚೆ ನಮಗೂ ಪ್ರವೇಶವಿರಲಿಲ್ಲ. ನಾವಿಕರ ನೆರವಿಗೆಂದು ವ್ಯಾನ್ ಓಡಿಸುವ ಒಬ್ಬ ಮುದುಕರು ಏನೂ ಕೇಳದೆ ಎಲ್ಲವನ್ನೂ ಹೇರಿಕೊಂಡು ಹೋದರು. ಬೇಲಿಯ ಆಚೆ, ದೂರದಲ್ಲಿ, ಹಡಗಿನ ಕಟಕಟೆಯ ಬಳಿ ಯಾರೋ ಕೈ ಬೀಸಿದಂತಾಯಿತು. ಅದು ತಮ್ಮನೇ ಎಂದಳು ಸುಧಾ. ಅಷ್ಟು ದೂರದಿಂದ ಗುರುತು ಸಿಗುವುದು ಸಾಧ್ಯವಿರಲಿಲ್ಲ. ಆದರೂ ನಾವೆಲ್ಲ ಕೈ ಬೀಸಿದೆವು.

ಸೋಮವಾರ ಅಧಿಕಾರಿಗಳು ಒಪ್ಪಿದರು. ಗಣಪಣ್ಣನನ್ನು ಕೆಳಗಿಳಿಸಿ, ವಿಮಾನದಲ್ಲಿ ಊರಿಗೆ ಕಳಿಸುವ ಏರ್ಪಾಟಾಯಿತು. ಆ ಹಡಗಿನವರಲ್ಲಿ ಹೂಸ್ಟನ್ನಿನ ನೆಲಕ್ಕಿಳಿದವನು ಅವನೊಬ್ಬನೇ. ಹಡಗು ಹೊರಟುಹೋಯಿತು, ಮಂಜು ಅಕ್ಕನ ಮುಖ ನೋಡದೆಯೇ ಹೋದ.

ಆಮೇಲೆ ವ್ಯಾನಿನ ಮುದುಕರು ನಮ್ಮ ಸ್ಟೀಲ್ ಡಬ್ಬಿಯನ್ನು ಹುಡುಕಿಕೊಂಡು ಬಂದು ತಲುಪಿಸಿದರು. ಬೆಳಗಿ ತೊಳೆದಿದ್ದರು. ಸುಧಾ ಮುಚ್ಚಳ ತೆಗೆದಳು. ಒಳಗೆ, ತಳ ಮುಚ್ಚುವಷ್ಟು, ಕಾಳುಮೆಣಸು.

ಮಂಜುವಿನ ಸಂದೇಶ ಅಷ್ಟರಲ್ಲಿ ಬಂದಿತ್ತು. ಮೆಣಸು ಗಣಪಣ್ಣನದು, ಅವನ ಹಿತ್ತಲಿನ ಬಳ್ಳಿಯದು, ಹೆಂಡತಿ ಕಟ್ಟಿಕೊಟ್ಟದ್ದಂತೆ. ಹಡಗಿನಲ್ಲಿ ಯಾರಿಗೆ ನೆಗಡಿ, ಜ್ವರ ಬಂದರೂ ಅವನು ಅದನ್ನು ಕುಟ್ಟಿ ಕಷಾಯ ಮಾಡಿಕೊಡುತ್ತಿದ್ದ. ಅವನಿಗೇ ಜ್ವರ ಬಂದಾಗ ಕಷಾಯ ಮಾಡಲು ಯಾರಿಗೂ ಬರಲಿಲ್ಲ. ಡಬ್ಬಿ ಖಾಲಿ ಕಳಿಸಬಾರದಲ್ಲ ಅಕ್ಕ, ಹಡಗಿನಲ್ಲಿ ಊರಿನದು ಅಂತ ಇದ್ದಿದ್ದು ಇದೊಂದೇ ಎಂದು ಮಂಜು ಬರೆದಿದ್ದ.

ಒಂದು ಕಾಳು ಬಾಯಿಗೆ ಹಾಕಿಕೊಂಡು ಅಗಿದೆ. ಖಾರವಿತ್ತು. ಸುಧಾ ನನ್ನ ಮುಖ ನೋಡುತ್ತಿದ್ದಳು. ಅವಳು ಮುಚ್ಚಳ ಹಾಕಿ ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟಳು. ನಮ್ಮ ಸಾರಿಗೆ ಈಗಲೂ ಅಂಗಡಿಯ ಮೆಣಸೇ. ಅದಕ್ಕೆ ಖಾರವಿಲ್ಲ. ನಾನು ಬಿಸಿಯಿರುವಾಗಲೇ ಕಲೆಸಿಕೊಂಡು, ಮಾತಾಡದೆ, ಉಂಡೇಳುತ್ತೇನೆ.