ಬಾರದ ಹೂಮಳೆಯ ಕಾಗದ

ನನ್ನ ಗಂಡ ಜೈಲಿಗೆ ಹೋಗಿ ಇದು ನಾಲ್ಕನೇ ವರ್ಷ. ಕೇಳಿದವರಿಗೆ ನಾನು ಇದನ್ನು ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳುತ್ತೇನೆ. ಮೊದಮೊದಲು ಜನ ನನ್ನ ಮುಖ ನೋಡುತ್ತಿದ್ದರು, ಈಗ ಅಳುತ್ತಾಳೆ, ಆಗ ಅಳುತ್ತಾಳೆ ಎಂದು. ಅಳು ಬರಲಿಲ್ಲ. ಪಾಪ, ಅವರೂ ಕಾದು ಕಾದು ಸುಸ್ತಾಗಿ ನೋಡುವುದನ್ನು ಬಿಟ್ಟರು.

ಆದದ್ದು ಇಷ್ಟು. ಬಾಳೂರಿನ ಹತ್ತಿರ ನಮ್ಮದು ಎರಡು ಎಕರೆ ರೋಬಸ್ಟಾ ಕಾಫಿ. ಮಾರ್ಚ್‌ನಲ್ಲಿ ಒಂದು ಹದವಾದ ಮಳೆ ಬಿದ್ದರೆ ಗಿಡ ಹೂ ಬಿಡುತ್ತದೆ. ಅದಕ್ಕೆ ನಾವು ಹೂಮಳೆ ಎನ್ನುತ್ತೇವೆ. ಅದು ಬಾರದಿದ್ದರೆ ಹಳ್ಳಕ್ಕೆ ಪಂಪು ಇಟ್ಟು ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಯಬೇಕು, ಇಲ್ಲವಾದರೆ ಮೊಗ್ಗು ಗಿಡದಲ್ಲೇ ಕರಟುತ್ತದೆ. ಆ ವರ್ಷ ಮಳೆ ಬರಲಿಲ್ಲ. ಹಳ್ಳದ ಗುಂಡಿಯಲ್ಲಿ ಒಂದು ತೋಟಕ್ಕಾಗುವಷ್ಟು ಮಾತ್ರ ನೀರಿತ್ತು. ಆಚೆ ದಡದ ತೋಟದವರು ನಮಗಿಂತ ಮೊದಲು ಪೈಪು ಇಳಿಸಿದರು. ಮಾತಿಗೆ ಮಾತು ಬೆಳೆಯಿತು. ನನ್ನ ಗಂಡನ ಕೈಯಲ್ಲಿ ಪೈಪು ಬಿಗಿಯುವ ಸ್ಪ್ಯಾನರ್ ಇತ್ತು. ಒಂದೇ ಏಟು. ಆ ಮನುಷ್ಯ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ನಮ್ಮ ಮದುವೆಯಲ್ಲಿ ಬಡಿಸಲು ನಿಂತವರು ಅವರು.

ಜೈಲಿನಿಂದ ಫೋನು ಬರುತ್ತದೆ, ಆದರೆ ಹಲೋ ಹಲೋ ಎನ್ನುವುದರಲ್ಲೇ ಅರ್ಧ ಹೊತ್ತು ಮುಗಿದಿರುತ್ತದೆ. ಭೇಟಿಗೆ ಹೋದ ದಿನ ಅಲ್ಲಿನ ಆಪ್ತಸಮಾಲೋಚಕಿಯೊಬ್ಬರು, "ಕಾಗದ ಬರೀರಿ ಅಮ್ಮ. ಮೊದಲು ಸುಮ್ಮನೆ ಕೂತು ಉಸಿರು ಗಮನಿಸಿ. ಆಮೇಲೆ ಕಣ್ಣಿಗೆ ಕಂಡಿದ್ದು, ಮೂಗಿಗೆ ಬಂದ ವಾಸನೆ, ಎಲ್ಲಾ ಇದ್ದ ಹಾಗೇ ಬರೀರಿ. ಅವರು ನಿಮ್ಮ ಜೊತೆ ಇದ್ದಂಗೆ ಆಗುತ್ತೆ" ಎಂದರು. ಮನೆಗೆ ಬಂದು ಉಸಿರು ಗಮನಿಸಿದೆ. ಇತ್ತು. ಬರೆಯಲು ಕೂತೆ.

ಹದಿನೈದು ದಿನಕ್ಕೊಮ್ಮೆ, ಭಾನುವಾರ ಊಟವಾದ ಮೇಲೆ, ಒಂದು ಇನ್‌ಲ್ಯಾಂಡ್ ಲೆಟರ್. ಮೊದಲ ವರ್ಷ ನಿಜವಾಗಿ ನೋಡಿಯೇ ಬರೆದೆ. ದನ ಬೇಲಿ ಹಾರಿದ್ದು, ಕಡುಬು ಅಂಟಿಕೊಂಡದ್ದು, ಒಲೆಯ ಹತ್ತಿರ ಒಣಗಲು ಹಾಕಿದ ಬಟ್ಟೆಯ ಹೊಗೆವಾಸನೆ. ಅವರು ಉತ್ತರದಲ್ಲಿ, "ನಿನ್ನ ಕಾಗದ ಬಂದ ದಿನ ನಾನು ಮನೇಲಿರ್ತೀನಿ" ಎಂದು ಬರೆದರು. ಓದಿ ಮಡಚಿಟ್ಟೆ. ಸಂತೋಷವಾಗಬೇಕಿತ್ತು, ಆಗಲಿಲ್ಲ.

ಆಮೇಲಾಮೇಲೆ ನೋಡುವುದೂ ನಿಂತಿತು. ತೋಟದ ವರ್ಷ ಎಲ್ಲಿಗೆ ಹೋಗುತ್ತದೆ? ಮಳೆ ಹಿಡಿಯುವ ಮೊದಲು ನೆರಳುಮರದ ಕೊಂಬೆ ಕಡಿಯುವ ಮರಗಸಿ, ಆಮೇಲೆ ಗೊಬ್ಬರ, ಡಿಸೆಂಬರ್ ಬಂದರೆ ಹಣ್ಣಿಗೆ ಬಣ್ಣ. ಗೋಡೆಯ ಕ್ಯಾಲೆಂಡರ್ ನೋಡಿ ಬರೆದುಬಿಡುತ್ತಿದ್ದೆ. ಅಂಗಳಕ್ಕೂ ಇಳಿಯಬೇಕಿರಲಿಲ್ಲ.

ಆದರೆ ಫೆಬ್ರವರಿ ಬಂದರೆ ಅವರ ಕಾಗದದಲ್ಲಿ ಒಂದೇ ಪ್ರಶ್ನೆ: "ಮಳೆ ಬಂತಾ?" ನನ್ನ ಆರೋಗ್ಯ ಕೇಳುವುದೂ ಮರೆತುಹೋಗುತ್ತಿತ್ತು. ಈ ವರ್ಷ ಮಾರ್ಚ್ ಅರ್ಧ ಕಳೆದರೂ ಆಕಾಶ ಬೋಳು. ನಾನು ಬರೆದೆ: "ಶಿವರಾತ್ರಿ ಕಳೆದ ಮೇಲೆ ಒಳ್ಳೆಯ ಮಳೆ ಬಂತು. ತೋಟವೆಲ್ಲ ಬೆಳ್ಳಗಾಗಿದೆ. ಅಡುಗೆಮನೆಯವರೆಗೂ ಹೂವಿನ ಪರಿಮಳ." ಅಷ್ಟು ಚಂದದ ಸುಳ್ಳು ನಾನು ಹಿಂದೆಂದೂ ಬರೆದಿರಲಿಲ್ಲ. ಅಂಟಿಸಿ ಅಂಚೆ ಡಬ್ಬಿಗೆ ಹಾಕಿ ಬಂದೆ.

ಉತ್ತರ ಬರಲಿಲ್ಲ. ಮತ್ತೆ ಬರೆದೆ, ಬರಲಿಲ್ಲ. ಫೋನೂ ನಿಂತಿತು. ನಾಲ್ಕು ಕಾಗದ ಹೋದವು. ಇದು ಹೀಗೇ ನಿಂತರೆ ನಮ್ಮಿಬ್ಬರ ನಡುವೆ ಇನ್ನೇನೂ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿತ್ತು ಅಷ್ಟೇ. ಪೋಸ್ಟ್‌ಮ್ಯಾನ್ ಇಲ್ಲವೆಂದು ತಲೆಯಾಡಿಸಿ ಮುಂದೆ ಹೋದರೆ ನಾನು ಒಳಗೆ ಹೋಗಿ ಅಕ್ಕಿ ಆರಿಸುತ್ತಿದ್ದೆ.

ಮೇ ಕೊನೆಗೆ ಕಾಗದ ಬಂತು.

"ಬಾಳೂರ ಕಡೆಯವನೊಬ್ಬ ಹೊಸದಾಗಿ ಇಲ್ಲಿಗೆ ಬಂದಿದಾನೆ. ಏಪ್ರಿಲ್ ಮುಗಿಯೋ ತನಕ ಒಂದ್ ಹನಿ ಬೀಳ್ಲಿಲ್ಲ ಅಂದ. ಎಂತಕ್ಕೆ ಸುಳ್ಳು ಬರ್ದೆ ಮಾರಾಯ್ತಿ? ಇಲ್ಲಿ ಎಲ್ಲರೂ ಸುಳ್ಳು ಹೇಳ್ತಾರೆ. ನಿನ್ ಕಾಗದ ಒಂದನ್ನೇ ನಂಬ್ಕೊಂಡಿದ್ದೆ. ಹೋಗ್ಲಿ. ಮಳೆ ಬರ್ಲಿಲ್ಲ ಅಂದ್ರೆ ಈ ಸಲ ಗುಂಡಿ ನೀರು ಯಾರು ಹೊಡೆದ್ರು?"

ಆ ದಿನ ಭಾನುವಾರಕ್ಕೆ ಕಾಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದೆ. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಪಂಪು ಎಲ್ಲಿ ಇಡುವುದೆಂದು ನೋಡಲು ಗುಂಡಿಗೆ ಇಳಿದಿದ್ದೆ. ತೀರಿಕೊಂಡವರ ಹೆಂಡತಿ ಸೀರೆ ಎತ್ತಿ ಕಟ್ಟಿಕೊಂಡು ಒಬ್ಬರೇ ನೀರಿಗೆ ಪೈಪು ಇಳಿಸುತ್ತಿದ್ದರು. ನನ್ನನ್ನು ಕಂಡದ್ದೇ ಪೈಪನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದರು. ಅವರು ನನಗೆ ಹೆದರಿದ್ದರು. ಬರಿಗೈ ಎಂದು ತೋರಿಸಲು ಎರಡೂ ಕೈ ಎತ್ತಿದೆ. "ಹೊಡ್ಕೊಳ್ಳಿ ಅಕ್ಕ" ಎಂದು ಹೇಳಿ ಮೇಲೆ ಹತ್ತಿ ಬಂದೆ. ನಮ್ಮ ಮೊಗ್ಗು ಕರಟಿಹೋಯಿತು. ಇದನ್ನು ದೊಡ್ಡತನ ಎಂದು ತಿಳಿಯಬೇಡಿ, ನನಗೆ ಏನೂ ಬೇಡವಾಗಿತ್ತು, ಅದಕ್ಕೇ ಬಿಟ್ಟೆ ಎಂದೂ ಬರೆದೆ.

ಹತ್ತೇ ದಿನಕ್ಕೆ ಉತ್ತರ ಬಂತು. ಇಡೀ ಹಾಳೆಯಲ್ಲಿ ಒಂದೇ ಸಾಲು. "ಅವರ ತೋಟ ಹೂ ಬಿಟ್ಟಿತ್ತಾ? ನೋಡಿ ಬರಿ."

ನಾನು ನೋಡಿರಲಿಲ್ಲ. ಗುಂಡಿಯವರೆಗೆ ಇಳಿದರೂ ನಾಲ್ಕು ವರ್ಷದಿಂದ ಅವರ ತೋಟದ ಕಡೆ ಮುಖ ತಿರುಗಿಸದೆ ಓಡಾಡಿದವಳು. ಅಷ್ಟರಲ್ಲಿ ಜೂನ್ ಮಳೆಯೂ ಶುರುವಾಗಿತ್ತು, ಹೂ ಎಲ್ಲಿರಬೇಕು? ಆದರೂ ಕೊಡೆ ಹಿಡಿದು ಹಳ್ಳ ದಾಟಿದೆ. ಆ ಅಕ್ಕ ಬೇಲಿಯ ಪಕ್ಕದಲ್ಲೇ ಕಳೆ ಕೀಳುತ್ತಿದ್ದರು. ಕೇಳಲು ಬೇರೆ ಮಾತು ಹೊಳೆಯಲಿಲ್ಲ.

"ಅಕ್ಕ, ನಮ್ಮನೆಯವ್ರು ಕಾಗದದಲ್ಲಿ ಕೇಳಿದಾರೆ. ನಿಮ್ಮ ತೋಟ ಹೂ ಬಿಟ್ಟಿತ್ತಾ ಅಂತ."

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಸುಲಭವಿತ್ತು. ಅವರು ಎದ್ದು ಗಿಡದ ಒಂದು ರೆಕ್ಕೆಯನ್ನು, ಅಂದರೆ ಅಡ್ಡಕೊಂಬೆಯನ್ನು, ಬಗ್ಗಿಸಿ ನನ್ನ ಕಡೆ ಹಿಡಿದರು. ಗಂಟುಗಂಟಿಗೂ ಮೆಣಸಿನಕಾಳಿನಷ್ಟು ಹಸಿರು ಕಾಯಿ ಒತ್ತಾಗಿ ಕಚ್ಚಿತ್ತು.

"ನೋಡ್ಕೊಂಡ್ರಾ? ಬರೀರಿ" ಎಂದರು. "ಈ ಸಾಲು ನಮ್ಮನೆಯವ್ರು ನೆಟ್ಟಿದ್ದು. ಅವ್ರು ಹೋದ್ಮೇಲೆ ಇದೇ ಮೊದಲ್ನೇ ಸಲ ಇಷ್ಟು ಕಾಯಿ ಕಚ್ಚಿದ್ದು. ಅದನ್ನೂ ಬರೀರಿ."

ಮನೆಗೆ ಬಂದು ಒದ್ದೆ ಸೀರೆಯಲ್ಲೇ ಕೂತೆ. ಕಾಯಿಯ ವಿಷಯ ಬರೆದೆ, ರೆಕ್ಕೆ ಬಗ್ಗಿಸಿದ ಅವರ ಕೈಗೆ ಮಣ್ಣು ಮೆತ್ತಿದ್ದನ್ನು ಬರೆದೆ. ನೆಟ್ಟವರ ಮಾತಿಗೆ ಬಂದಾಗ ಪೆನ್ನು ನಿಂತಿತು. ಇದನ್ನು ಓದಿ ಆ ಗೋಡೆಗಳೊಳಗೆ ಅವರು ಏನು ಮಾಡಿಕೊಳ್ಳುತ್ತಾರೋ ಎಂದು ಹೆದರಿಕೆಯಾಯಿತು. ನಾಲ್ಕು ವರ್ಷದಲ್ಲಿ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಬಿಟ್ಟುಬಿಡಬಹುದಿತ್ತು, ಅವರಿಗೆ ಹೇಗೆ ತಿಳಿಯಬೇಕು? ಅಕ್ಕ ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದು, ಅಂಟಿಸಿ, ಮಳೆಯಲ್ಲೇ ಹೋಗಿ ಡಬ್ಬಿಗೆ ಹಾಕಿ ಬಂದೆ.